ಫರ್ನೇಸಿಗೆ ಹುಳಿ, ಉಪ್ಪು ತಿಕ್ಕಿದ ಕಥೆ

ಇದು ಎರಡು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳ ಮಾತು. ಮೂಡುಬಿದಿರೆ ಸಮೀಪದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಲ್ಯಾಬಿನ ಪ್ರತಿಯೊಂದು ವಸ್ತುವೂ ಥಳಥಳ ಹೊಳೆಯಬೇಕು ಎಂಬುದು ನನ್ನ ಹುಚ್ಚು. ನಮ್ಮದು ಜೈನ ಕುಟುಂಬ. ಬಸದಿಯ ಕಂಚಿನ ದೀಪಗಳನ್ನು ಹುಣಸೆಹುಳಿ, ಉಪ್ಪು ಹಾಕಿ ತಿಕ್ಕುವ ಕೆಲಸ ಚಿಕ್ಕಂದಿನಿಂದಲೂ ನನ್ನ ಪಾಲಿನದು. ಮಂಕಾದ ಲೋಹ ಕಂಡರೆ ಇಂದಿಗೂ ನನ್ನ ಕೈ ಸುಮ್ಮನಿರುವುದಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ತಪಾಸಣೆಗೆಂದು ಹೊರಗಿನವರು ಬರುವುದಿತ್ತು. ಕರೆಂಟಿನಲ್ಲಿ ಸಾವಿರ ಡಿಗ್ರಿಯವರೆಗೆ ಕಾಯುವ ನಮ್ಮ ಫರ್ನೇಸಿನ ಬಾಗಿಲು ತೆರೆದು ನೋಡಿದರೆ, ಒಳಗಿನ ಬಿಸಿಯಾಗುವ ತಂತಿಯ ಸುರುಳಿ, ಅಂದರೆ ಕಾಯಿಲ್, ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಮನೆಯಿಂದ ಹುಳಿ, ಉಪ್ಪು ತಂದೆ. ಕೈಗೆ ಎಟುಕಿದಷ್ಟು ಭಾಗವನ್ನು ಮೆಲ್ಲಗೆ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಂದವರು ಆ ಬಾಗಿಲನ್ನು ತೆರೆಯಲೇ ಇಲ್ಲ ಅನ್ನಿ.

ಏಪ್ರಿಲಿನಲ್ಲಿ ಕಾಯಿಲ್ ತುಂಡಾಯಿತು. ಕೊನೆಯ ವರ್ಷದ ವಿದ್ಯಾರ್ಥಿನಿ ಶ್ರಾವ್ಯ ತನ್ನ ಪ್ರಾಜೆಕ್ಟಿಗಾಗಿ ಅಲ್ಯುಮಿನಿಯಂ ಬೆರೆತ ಉಕ್ಕಿನ ತುಂಡುಗಳನ್ನು ಒಟ್ಟು ನೂರು ಗಂಟೆ ಕಾಯಿಸಿ, ನಡುನಡುವೆ ತೆಗೆದು ತೂಗಿ, ಆ ಬಿಸಿಗೆ ಅವು ಎಷ್ಟು ತುಕ್ಕು ಹಿಡಿಯುತ್ತವೆ ಎಂದು ಲೆಕ್ಕ ಹಾಕುತ್ತಿದ್ದಳು. ಅರವತ್ತು ಗಂಟೆ ಮುಗಿದಿತ್ತಷ್ಟೆ. ವರದಿ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಫರ್ನೇಸ್ ಮಾಡಿದ ಕಂಪೆನಿಯವರು ಹೊಸ ಕಾಯಿಲಿಗೆ ಒಂದು ತಿಂಗಳು ಬೇಕೆಂದರು. ಹುಡುಗಿ ಅತ್ತೇಬಿಟ್ಟಳು. "ಯಾಕೆ ಹೋಯ್ತು?" ಎಂದು ವಿಭಾಗದ ಮುಖ್ಯಸ್ಥರು ಕೇಳಿದಾಗ, "ಕಳಪೆ ಕಾಯಿಲ್ ಸರ್" ಎಂದುಬಿಟ್ಟೆ. ಹುಳಿ, ಉಪ್ಪಿನ ನೆನಪು ಆಗಲೇ ಬಂದಿತ್ತು. ಆದರೆ ಬಾಯಿ ಬಿಡುವ ಧೈರ್ಯ ಬರಲಿಲ್ಲ.

ಮಡಂತ್ಯಾರಿನಲ್ಲಿ ಹಿಲ್ಡಾ ಬಾಯಿ ಎಂಬವರು ಎಂಥ ಕಾಯಿಲನ್ನೂ ಸುತ್ತಿಕೊಡುತ್ತಾರೆ ಎಂದು ಯಾರೋ ಹೇಳಿದರು. ಕಾಯಿಲ್ ಕೂರಿಸಿದ್ದ, ಶಾಖ ತಡೆಯುವ ಮಣ್ಣಿನ ಹಲಗೆಯನ್ನೇ ಬಿಚ್ಚಿಕೊಂಡು ನಾನು ಮತ್ತು ಶ್ರಾವ್ಯ ಹೊರಟೆವು. ಗಂಡ ತೀರಿಕೊಂಡ ಮೇಲೆ ಆತನ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದ, ಅರವತ್ತು ದಾಟಿದ ಹೆಂಗಸು ಅವರು. ಬೇಸಿಗೆಯಾದ್ದರಿಂದ ಸುಟ್ಟ ಪಂಪುಗಳು ಬಾಗಿಲವರೆಗೂ ಸಾಲುಗಟ್ಟಿದ್ದವು. ಶ್ರಾವ್ಯಳ ಮುಖ ನೋಡಿ ಅವುಗಳನ್ನೆಲ್ಲ ಬದಿಗೆ ಸರಿಸಿದರು. ಕನ್ನಡಕ ಏರಿಸಿ, ತುಂಡಾದ ಕಾಯಿಲನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಹಿಂದಿನ ಬದಿ ಚಂದ ಉಂಟು. ಮುಂದಿನದ್ದು ಮಾತ್ರ ತಿಂದು ಹೋಗಿದೆ. ಬೆಂಕಿ ಹೀಗೆ ಬದಿ ನೋಡಿ ತಿನ್ನುವುದಿಲ್ಲ ಮಾಸ್ಟ್ರೆ. ಇದು ಯಾರದ್ದೋ ಕೈ ಹೋದ ಜಾಗ" ಎಂದರು. ಅದನ್ನು ಮತ್ತೊಮ್ಮೆ ತಿರುಗಿಸಿ ನೋಡಿ, "ಬೆಳ್ತಂಗಡಿಯಲ್ಲಿ ಉಪ್ಪುಕಡ್ಲೆ ಹುರಿಯುವವರ ಒಲೆಯ ಕಾಯಿಲ್ ಹೀಗೇ ಆಗಿತ್ತು. ಇದಕ್ಕೆ ಉಪ್ಪು ಎಲ್ಲಿಂದ ಬಂತು?"

ನಾನು ಹಲಗೆಯ ಧೂಳು ಒರೆಸತೊಡಗಿದೆ. ಅದೇ ಹೊತ್ತಿಗೆ ಮುಖ್ಯಸ್ಥರ ಫೋನು. ಕಂಪೆನಿಗೆ ದೂರು ಬರೆಯುತ್ತಿದ್ದೇನೆ, ಹಿಲ್ಡಾ ಬಾಯಿಯವರ ಅಭಿಪ್ರಾಯವೂ ಬೇಕು ಎಂದರು. ಫೋನನ್ನು ಅವರ ಕೈಗೆ ಕೊಟ್ಟೆ.

ಹಿಲ್ಡಾ ಬಾಯಿ ನನ್ನನ್ನೇ ನೋಡುತ್ತಾ, "ಕಾಯಿಲ್ ಒಳ್ಳೆಯದೇ ಸರ್. ಉಳಿದದ್ದು ಮಾಸ್ಟ್ರೇ ಹೇಳ್ತಾರೆ" ಎಂದು ಫೋನನ್ನು ವಾಪಸು ಕೊಟ್ಟರು.

ಅವರೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಶ್ರಾವ್ಯಳ ಎದುರಿನಲ್ಲೇ ಎಲ್ಲವನ್ನೂ ಹೇಳಿದೆ. ಮುಖ್ಯಸ್ಥರು, "ಎಂಥ ಮಾರಾಯ್ರೆ ನೀವು! ಫರ್ನೇಸ್ ಏನು ದೀಪವಾ?" ಎಂದು ಫೋನ್ ಇಟ್ಟರು. ಶ್ರಾವ್ಯ ನನ್ನತ್ತ ನೋಡದೆ ಹಿಲ್ಡಾ ಬಾಯಿಯ ಪಕ್ಕಕ್ಕೆ ಹೋಗಿ ನಿಂತಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

"ನೀವು ಕೊಳೆ ಅಂತ ತೆಗೆದದ್ದು ಅದರ ಅಂಗಿ ಮಾಸ್ಟ್ರೆ" ಎಂದರು ಹಿಲ್ಡಾ ಬಾಯಿ, ಹೊಸ ತಂತಿಯ ಸುರುಳಿ ಬಿಚ್ಚುತ್ತಾ. "ಈ ತಂತಿಯಲ್ಲಿ ಸ್ವಲ್ಪ ಅಲ್ಯುಮಿನಿಯಂ ಉಂಟು. ಕಾದಾಗ ಅದು ಗಾಳಿಗೆ ಸೇರಿ ಮೇಲೆ ಒಂದು ಪದರ ಕಟ್ಟುತ್ತದೆ. ಆ ಪದರ ಇರುವಷ್ಟು ದಿನ ಒಳಗಿನ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಉಪ್ಪು ಬಿದ್ದರೆ ಅಂಗಿ ಹರಿಯುತ್ತದೆ."

ಶ್ರಾವ್ಯ ಕಣ್ಣರಳಿಸಿದಳು. "ಬಾಯಿ, ನಾನು ನಾಲ್ಕು ತಿಂಗಳಿಂದ ಓದುತ್ತಿರುವುದು ಇದನ್ನೇ!"

"ಹೌದಾ? ನಾನು ಓದಿದ್ದು ಏಳನೇ ಕ್ಲಾಸು. ತಂತಿಯೇ ಹೇಳಿಕೊಟ್ಟಿತು" ಎಂದು ಅವರು ನಕ್ಕರು.

ಸರಳಿಗೆ ತಂತಿ ಸುತ್ತುತ್ತಿದ್ದ ಆ ಕೈಗಳನ್ನು ನಾನು ಮರೆಯಲಾರೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಸಂಜೆಯೊಳಗೆ ಕಾಯಿಲ್ ತಯಾರಾಯಿತು. "ಮೊದಲನೇ ಸಲ ಖಾಲಿ ಫರ್ನೇಸನ್ನು ನಿಧಾನಕ್ಕೆ ಬಿಸಿ ಮಾಡಿ. ಬಾಗಿಲಲ್ಲಿ ಚೂರು ಸಂದು ಇರಲಿ, ಗಾಳಿ ಬೇಕು. ಅಂಗಿ ಹಾಕಿಕೊಳ್ಳಲಿ. ಆಮೇಲೆ ಹುಡುಗಿಯ ಸಾಮಾನು ಇಡಿ" ಎಂದು ಎರಡೆರಡು ಸಲ ಹೇಳಿ ಕಳುಹಿಸಿದರು.

ಅವರು ಹೇಳಿದ ಹಾಗೆಯೇ ಮಾಡಿದೆವು. ಮರುದಿನ ತಣಿದ ಮೇಲೆ ಬಾಗಿಲು ತೆರೆದರೆ, ಹೊಳೆಯುತ್ತಿದ್ದ ತಂತಿ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಅಭ್ಯಾಸಬಲದಿಂದ ನನ್ನ ಬೆರಳು ಮುಂದೆ ಹೋಯಿತು. "ಸರ್, ಕೈ!" ಎಂದು ಶ್ರಾವ್ಯ ಕೂಗಿದಳು. ನಾನು ತಪ್ಪು ಒಪ್ಪಿಕೊಂಡ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಇಬ್ಬರೂ ನಕ್ಕೆವು. ಉಳಿದ ನಲವತ್ತು ಗಂಟೆ ಸರಾಗವಾಗಿ ಮುಗಿದು, ವರದಿ ನಿಗದಿಯಾದ ದಿನಕ್ಕೆ ತಲುಪಿತು. ಅದರ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಹಿಲ್ಡಾ ಬಾಯಿಯದು.

ತುಂಡಾದ ಹಳೆಯ ಕಾಯಿಲಿನ ಒಂದು ಚೂರು ನನ್ನ ಮೇಜಿನ ಡ್ರಾಯರಿನಲ್ಲಿದೆ. ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು. ಬಸದಿಯ ದೀಪಗಳನ್ನು ಈಗಲೂ ತಿಕ್ಕುತ್ತೇನೆ. ಆದರೆ ಲ್ಯಾಬಿನಲ್ಲಿ ಏನಾದರೂ ಕೆಟ್ಟು, "ಯಾಕೆ ಹೋಯ್ತು?" ಎಂದು ಯಾರಾದರೂ ಕೇಳಿದರೆ, ನೆಪ ಹುಡುಕುವ ಮೊದಲೇ ಆ ಹೆಂಗಸಿನ ದನಿ ಕಿವಿಯಲ್ಲಿ ಕೇಳುತ್ತದೆ: "ಉಳಿದದ್ದು ಮಾಸ್ಟ್ರೇ ಹೇಳ್ತಾರೆ."

ಹೇಳುತ್ತೇನೆ.