ಮೌಲ್ವಿಗಳು ಕಳಿಸಿದ ಪ್ರಶ್ನೆ

ಮಗಳ ಮನೆಯಲ್ಲಿದ್ದುಕೊಂಡು ದ್ವಾರಕಾದ ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ವಿಜಯಪುರದ ಮೇಷ್ಟ್ರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಇನ್ನು ಹುಷಾರಾಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬಂದಿರಲಿಲ್ಲ. ರಂಜಾನ್ ಹತ್ತಿರ ಬಂದಾಗ, "ಈ ಸಲ ಉಪವಾಸ ಬೇಡ. ಕಾಯಿಲೆಯವರಿಗೆ ನಿಮ್ಮ ಧರ್ಮದಲ್ಲೇ ವಿನಾಯಿತಿ ಇದೆಯಲ್ಲ," ಎಂದೆ, ಎಲ್ಲ ತಿಳಿದವನ ಹಾಗೆ.

"ಇದೆ ಡಾಕ್ಟ್ರೇ. ಹುಷಾರಾಗುವವರು ಆಮೇಲೆ ಉಪವಾಸ ಮಾಡಿ ತೀರಿಸಬೇಕು. ಹುಷಾರಾಗದವರು ಬದಲಿಗೆ ಬಡವರಿಗೆ ಊಟ ಹಾಕಬೇಕು. ನಾನು ಯಾವುದು ಮಾಡಲಿ? ಅದನ್ನ ಡಾಕ್ಟರನ್ನೇ ಕೇಳಿ ಅಂದ್ರು ಮೌಲ್ವಿಗಳು."

ಪಕ್ಕದಲ್ಲಿದ್ದ ಮಗಳು ನೆಲ ನೋಡಿದಳು. ನಾನು ರಿಪೋರ್ಟು ತಿರುವಿ ಹಾಕಿದೆ. ಅದರಲ್ಲಿ ಹೊಸದೇನೂ ಇರಲಿಲ್ಲ.

"ಊಟ ಹಾಕಿ," ಎಂದೆ.

"ಅಚ್ಛಾ," ಎಂದು ಅವರು ಮಗಳ ಕೈ ಹಿಡಿದು ಎದ್ದರು.

ದೇವರನ್ನು ನಂಬಿದವರು ಡಾಕ್ಟರ ಮಾತು ನಂಬುವುದಿಲ್ಲ ಎಂದು ಗೊಣಗುವ ಚಾಳಿ ನನಗಿತ್ತು. ಅವತ್ತೇ ಬಿಟ್ಟೆ.