ಯಂತ್ರದೊಳಗೆ ಕೂತಿರುವ ಕಿವಿಯಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಯಕ್ಕ ಹೆಡ್‌ಫೋನನ್ನು ಕರವಸ್ತ್ರದಿಂದ ಒರೆಸಿ ತಲೆಗೇರಿಸಿಕೊಂಡು, ಮೇಜಿನ ಕೆಳಗಿನ ಪೆಡಲ್ ಒತ್ತುತ್ತಾರೆ. ಒತ್ತಿದರೆ ದನಿ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಯಾರೋ ಒಬ್ಬ ತಂದೆ, ಹಿಂದೆ ಬಸ್ಸಿನ ಗದ್ದಲ, ಮಗಳಿಗೆ ಜ್ವರ, ಇವತ್ತು ಶಾಲೆಗೆ ಕಳಿಸುವುದಿಲ್ಲ ಎನ್ನುತ್ತಿದ್ದಾನೆ. ಕಿವಿಯಕ್ಕನ ಬೆರಳುಗಳು ಅವನ ಮಾತಿನ ಹಿಂದೆಯೇ ಓಡುತ್ತವೆ. ಇನ್ನೊಂದು ಗಳಿಗೆಯಲ್ಲಿ ಆ ಮಾತು ಅಕ್ಷರವಾಗಿ ಶಾಲೆಯ ಇಮೇಲ್‌ಗೆ ಹೋಗಿ ಬಿದ್ದಿರುತ್ತದೆ. ಅದರ ಅಡಿಯಲ್ಲಿ ತಾನಾಗಿಯೇ ಒಂದು ಸಾಲು ಸೇರಿಕೊಳ್ಳುತ್ತದೆ: "ಈ ಸಂದೇಶವನ್ನು ಯಂತ್ರ ಸಿದ್ಧಪಡಿಸಿದೆ. ಮನುಷ್ಯರು ಯಾರೂ ಇದನ್ನು ಕೇಳಿಲ್ಲ."

ಅಪ್ಪಟ ಸುಳ್ಳು. ಈ ಸುಳ್ಳಿನ ಹಿಂದೆ ಆರು ವರ್ಷದಿಂದ ಒಬ್ಬ ಹೆಂಗಸು ಕೂತಿದ್ದಾರೆ, ಅವರ ಅಕ್ಕಪಕ್ಕ ಇನ್ನೂ ಹತ್ತು ಮಂದಿ ಕೂತಿದ್ದಾರೆ.

ಕಂಪನಿ ಮಾರುವ ಸರಕು ಕೇಳಲು ಚೆನ್ನಾಗಿದೆ. ನೀವು ಫೋನ್ ಎತ್ತದಿದ್ದರೆ ಕರೆ ಮಾಡಿದವರು ವಾಯ್ಸ್‌ಮೇಲಿನಲ್ಲಿ ಹೇಳಬೇಕಾದ್ದನ್ನು ಹೇಳಿ ಇಡುತ್ತಾರೆ. ಅದು ಬರಹವಾಗಿ ನಿಮ್ಮ ಇಮೇಲ್‌ಗೆ ಬರುತ್ತದೆ. ಫೋನು, ವಾಯ್ಸ್‌ಮೇಲು, ಇಮೇಲು ಎಲ್ಲ ಒಂದೇ ಕಡೆ. ಚೊಕ್ಕವಾಗಿ ಮಾತಾಡುವವರ ಮಾತನ್ನು ಯಂತ್ರವೇ ಹಿಡಿಯುತ್ತದೆ, ಅದನ್ನು ಇಲ್ಲವೆನ್ನುವಂತಿಲ್ಲ. ಅಳುವವರು, ತೊದಲುವವರು, ಹಲ್ಲಿಲ್ಲದವರು, ಲಾರಿ ಪಕ್ಕ ನಿಂತು ಕಿರುಚುವವರು ಬಂದರೆ ಮಾತ್ರ ಯಂತ್ರ ಕೈಚೆಲ್ಲುತ್ತದೆ. ಆಗ ದನಿ ಸದ್ದಿಲ್ಲದೆ ಈ ಕೋಣೆಗೆ ಬರುತ್ತದೆ. ಒಂದು ಪಾಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಮುನ್ನೂರು ದನಿಗೆ ಕಡಿಮೆಯಿಲ್ಲ. ಕೊರಳಿನ ಕಾರ್ಡಿನಲ್ಲಿ "ಗುಣಮಟ್ಟ ಸಹಾಯಕಿ" ಎಂದಿದೆ. ಯಾವುದರ ಗುಣಮಟ್ಟ, ಯಾರಿಗೆ ಸಹಾಯ ಎಂದು ಹೊರಗೆ ಬಾಯಿಬಿಡುವಂತಿಲ್ಲ.

"ನೆರೆಮನೆಯವರು ಏನು ಕೆಲಸ ಅಂತ ಕೇಳಿದ್ರೆ ಟೈಪಿಂಗ್ ಅಂತೀನಿ. ಮಗಳು ಮಾತ್ರ, ನಮ್ಮಮ್ಮ ಕದ್ದು ಕೇಳೋ ಕೆಲಸಕ್ಕೆ ಹೋಗ್ತಾಳೆ ಅಂತ ನಗ್ತಾಳೆ. ಅವಳಿಗೇನು, ನಗಬಹುದು," ಎನ್ನುತ್ತಾರೆ ಕಿವಿಯಕ್ಕ. ದನಿ ಕೊಂಚ ಜೋರು. ಬಲಗಿವಿಯಲ್ಲಿ ಈಗೀಗ ಸದಾ ಜೀರುಂಡೆಯ ಸದ್ದು. ಹಾಗಾಗಿ ತಮ್ಮ ದನಿ ಎಷ್ಟು ಏರಿದೆಯೆಂದು ತಮಗೇ ಗೊತ್ತಾಗುವುದಿಲ್ಲ. ಬೇಕರಿಯ ಒಲೆ ಮುಂದೆ ದುಡಿದು ಬಂದು ಮಲಗುವ ಗಂಡ, "ಮೆಲ್ಲಗೆ ಮಾತಾಡೇ, ನಾನಿನ್ನೂ ಕಿವುಡ ಆಗಿಲ್ಲ," ಎಂದು ಹೊದಿಕೆಯೊಳಗಿಂದಲೇ ರೇಗಿಸುತ್ತಾನೆ. ಕಂಪನಿಯ ಡಾಕ್ಟರು ಇದು ವಯಸ್ಸಿನ ತೊಂದರೆ ಎಂದು ಕೈತೊಳೆದುಕೊಂಡಿದ್ದಾರೆ. ಇವರಿಗೆ ಇನ್ನೂ ನಲವತ್ತೆರಡು.

ಒಡೆದ ಮಾತನ್ನು ಜೋಡಿಸುವ ವಿದ್ಯೆ ಬಂದದ್ದು ತಂದೆಯಿಂದ. ಮರ ಕೊಯ್ಯುವ ಮಿಲ್ಲಿನಲ್ಲಿದ್ದ ಆತನಿಗೆ ಗಂಟಲಿನ ಆಪರೇಷನ್ ಆದಮೇಲೆ ಮಾತು ಹೋಗಿ ಬರೀ ಗಾಳಿ ಉಳಿಯಿತು. ಆ ಗಾಳಿಯಲ್ಲಿ ಮಾತು ಹುಡುಕುತ್ತಿದ್ದವಳು ಮಗಳೊಬ್ಬಳೇ. "ಅಂಗಡೀಲಿ ಅಪ್ಪ ಕೇಳಿದ್ದನ್ನ ನಾನು ಹೇಳ್ತಿದ್ದೆ. ಅಂಗಡಿಯವರು ಉತ್ತರ ಕೊಡ್ತಿದ್ದದ್ದು ನನಗೆ. ಅಪ್ಪ ಎದುರಿಗೇ ನಿಂತಿರೋರು, ಯಾರೂ ಮುಖ ನೋಡ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ ನನಗೆ."

ಕೀಲಿಮಣೆಯಲ್ಲಿ ಒಂದು ಕೆಂಪು ಗುಂಡಿಯಿದೆ. ಒತ್ತಿದರೆ "ಅಸ್ಪಷ್ಟ" ಎಂಬ ಪದ ತಾನೇ ಬೀಳುತ್ತದೆ, ದನಿ ಮುಗಿದಂತೆ ಲೆಕ್ಕ. ಪಾಳಿಯ ಗುರಿ ಮುಟ್ಟಬೇಕಲ್ಲ, ಎಲ್ಲರೂ ದನಿಯನ್ನು ಒಂದೂವರೆ ಪಟ್ಟು ವೇಗಕ್ಕೆ ಏರಿಸಿ ಕೇಳುತ್ತಾರೆ. ತಿಳಿಯದಿದ್ದರೆ ಗುಂಡಿ ಒತ್ತುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕಿವಿಯಕ್ಕ ಮಾತ್ರ ತಿಳಿಯದ ದನಿಯನ್ನು ಅದರ ನಡಿಗೆಯಲ್ಲೇ ಕೇಳುತ್ತಾರೆ. ಅದಕ್ಕೇ ಆ ಅಡ್ಡಹೆಸರು, ಅದಕ್ಕೇ ತಿಂಗಳು ತಿಂಗಳೂ ಮೇಲ್ವಿಚಾರಕರಿಂದ ಮಂಗಳಾರತಿ.

ಆಮ್ಲಜನಕದ ಸಿಲಿಂಡರ್ ಪೂರೈಸುವ ಒಂದು ಸಣ್ಣ ಅಂಗಡಿಯೂ ಕಂಪನಿಯ ಗಿರಾಕಿ. ಅಂಗಡಿಯಾತ ದಿನವಿಡೀ ವ್ಯಾನಿನಲ್ಲಿರುತ್ತಾನೆ. ಫೋನ್ ಎತ್ತುವುದಿಲ್ಲ, ಬಿಡುವಾದಾಗ ಇಮೇಲ್ ನೋಡುತ್ತಾನೆ. ಅವನಿಗೆ ಆಗಾಗ ಒಬ್ಬ ಅಜ್ಜನ ಕರೆ ಬರುತ್ತದೆ. ಒಂದು ಪದ, ಒಂದು ಏದುಸಿರು, ಮತ್ತೊಂದು ಪದ. ಕೋಣೆಯಲ್ಲಿ ಆತನಿಗೆ ಉಸಿರಜ್ಜ ಎಂದು ಹೆಸರು. ಕಳೆದ ತಿಂಗಳು ಒಂದು ಬೆಳಿಗ್ಗೆ ಆತನ ದನಿ ಕಿವಿಯಕ್ಕನ ಪಾಲಿಗೆ ಬಂತು: "ಸಿಲಿಂಡರ್... ಮುಳ್ಳು... ಕೆಂಪಿಗೆ ಬಂತು... ನಿನ್ನೆನೂ ಹೇಳ್ದೆ... ಬಾಗಿಲು ಹಾಕಿಲ್ಲ... ಬಂದ್ಬಿಡಿ."

ನಿನ್ನೆಯೂ ಹೇಳಿದ್ದನಂತೆ. ಹಿಂದಿನ ದಿನದ ದನಿಗಳನ್ನು ತೆಗೆದು ನೋಡಿದರೆ ಹೌದು, ಎರಡು ಸಲ. ಪಕ್ಕದ ಕುರ್ಚಿಯ ಗೆಳತಿ ಎರಡು ಸಲವೂ ಕೆಂಪು ಗುಂಡಿ ಒತ್ತಿದ್ದಳು. ಒಂದೂವರೆ ಪಟ್ಟು ವೇಗದಲ್ಲಿ ಆತನ ಏದುಸಿರು ಅವಳಿಗೆ ಫ್ಯಾನಿನ ಸದ್ದಿನಂತೆ ಕೇಳಿಸಿತ್ತು. ಕಿವಿಯಕ್ಕ ಅಕ್ಷರ ಬಿಡದೆ ಟೈಪಿಸಿ ಕಳಿಸಿದರು. ಪರದೆಯಲ್ಲಿ "ತಲುಪಿದೆ" ಎಂದು ಬಂತು. ಅದರ ಪಕ್ಕದಲ್ಲೇ "ತೆರೆದಿಲ್ಲ". ಇಪ್ಪತ್ತು ದನಿ ಮುಗಿಸಿ ನೋಡಿದರೂ ತೆರೆದಿಲ್ಲ. ಮೇಲ್ವಿಚಾರಕರ ಬಳಿ ಓಡಿದರು.

"ತಲುಪಿದೆ ಅಂತ ಇದೆಯಲ್ಲ ಮೇಡಂ. ನಮ್ಮ ಕೆಲಸ ಅಲ್ಲಿಗೆ ಮುಗೀತು."

"ಸರ್, ಆ ಮನುಷ್ಯನ ಉಸಿರು ಮುಗೀತಿದೆ."

"ಅದನ್ನ ನೀವು ಕೇಳೇ ಇಲ್ಲ. ನಮ್ಮಲ್ಲಿ ಯಾರೂ ಕೇಳಲ್ಲ."

ಕಿವಿಯಕ್ಕನಿಗೆ ಪಿತ್ತ ನೆತ್ತಿಗೇರಿತು. ಕೋಣೆಯಲ್ಲಿ ಫೋನ್ ಮುಟ್ಟುವಂತಿಲ್ಲ. ಲಾಕರಿನಿಂದ ತಮ್ಮದನ್ನು ತೆಗೆದು ಶೌಚಾಲಯಕ್ಕೆ ಹೋಗಿ, ಅಂಗಡಿಯ ನಂಬರು ಹುಡುಕಿ, ಕರೆ ಮಾಡಿದರು. ಅಂಗಡಿಯಾತ ಎತ್ತಲಿಲ್ಲ. ಸಂದೇಶ ಬಿಡಿ ಎಂದಿತು ಯಂತ್ರ. ಹೊರಗೆ ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದರು: ನಿಮ್ಮ ಸಂದೇಶ ಕೇಳಿ ಬರೆಯುವವಳು ನಾನು, ನಿಮ್ಮ ಉಸಿರಿನ ತೊಂದರೆಯ ಅಜ್ಜ, ಸಿಲಿಂಡರ್ ಖಾಲಿ, ಬಾಗಿಲು ತೆಗೆದಿದೆ, ಈಗಲೇ ಹೋಗಿ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಪಿಸುಮಾತು, ಫ್ಯಾನಿನ ಸದ್ದು. ಯಂತ್ರಕ್ಕೆ ಅದೂ ತಿಳಿಯಲಿಲ್ಲ. ದನಿ ಬಂದದ್ದು ಇದೇ ಕೋಣೆಗೆ, ಪಕ್ಕದ ಕುರ್ಚಿಯ ಗೆಳತಿಯ ಕಿವಿಗೆ.

"ಮೊದಲು ಬರೀ ಫ್ಯಾನು ಅಂದ್ಕೊಂಡೆ. ಬೆರಳು ಆ ಗುಂಡಿ ಮೇಲೇ ಇತ್ತು," ಎನ್ನುತ್ತಾಳೆ ಆಕೆ. "ಹಿಂದೆ ಅಕ್ಕನ ದನಿ. ವೇಗ ಇಳಿಸಿದೆ. ಅಳ್ತಾ ಅಳ್ತಾನೇ ಟೈಪ್ ಮಾಡಿದೆ."

ಅಂಗಡಿಯಾತ ಈ ಇಮೇಲ್ ಕಂಡ ಕೂಡಲೇ ವ್ಯಾನ್ ತಿರುಗಿಸಿದ. ಅಜ್ಜನ ತುಟಿ ಆಗಲೇ ನೀಲಿಗಟ್ಟಿತ್ತಂತೆ. ಬದುಕಿಕೊಂಡ. ಆಮೇಲೆ ಹುಡುಕಿದರೆ ಅಜ್ಜನ ಹಿಂದಿನ ಸಂದೇಶಗಳೆಲ್ಲ ಇಮೇಲಿನ ಕಸದ ಪೆಟ್ಟಿಗೆಯಲ್ಲಿದ್ದವು. ಎರಡು ಸಲ "ಅಸ್ಪಷ್ಟ" ಎಂದು ಬಂದ ನಂಬರನ್ನು ಕಸವೆಂದು ತಳ್ಳುವಂತೆ ಕಂಪನಿಯೇ ವಾಯ್ಸ್‌ಮೇಲು, ಇಮೇಲು ಎರಡನ್ನೂ ಜೋಡಿಸಿತ್ತು. ಮಾತು ತೊಡರುವ ಮನುಷ್ಯ ಇವರ ಲೆಕ್ಕದಲ್ಲಿ ಕಸ. ಇದನ್ನು ಯೋಚಿಸಿ ಜೋಡಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ಯಾವ ನೋಟಿಸೂ ಹೋಗಿಲ್ಲ.

ನೋಟಿಸು ಹೋದದ್ದು ಕಿವಿಯಕ್ಕನಿಗೆ. ಅಂಗಡಿಯಾತ ಒಳ್ಳೆಯ ಮನಸ್ಸಿನಿಂದಲೇ ಕಂಪನಿಗೆ ಫೋನ್ ಮಾಡಿ, "ನಿಮ್ಮಲ್ಲಿ ಕೇಳಿಸ್ಕೊಳ್ಳೋ ಅಮ್ಮ ಇದ್ದಾರಲ್ಲ, ಅವರಿಗೆ ಕೈಮುಗಿದೆ ಅಂತ ಹೇಳಿ," ಎಂದುಬಿಟ್ಟ. ಗುಟ್ಟು ರಟ್ಟಾಯಿತು. ಈಗ ಕಂಪನಿಗೆ ಇವರಿಂದ ಒಂದೇ ಮಾತು ಬೇಕು: ಸಂದೇಶ ಕೇಳಿದ್ದು ಯಂತ್ರ, ನಾನು ಪರೀಕ್ಷೆಗೆಂದು ಆಕಸ್ಮಿಕವಾಗಿ ನೋಡಿದೆ. ಹಾಗೆಂದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಶನಿವಾರವೇ ಕೊನೆ. ಅಲ್ಲಿಯವರೆಗೆ ಪಾಳಿಗೆ ಬನ್ನಿ ಎಂದಿದ್ದಾರೆ, ಮುಂಜಾನೆಗೆ ಕಿವಿಗಳು ಸಾಲುತ್ತಿಲ್ಲವಂತೆ. ನಾಚಿಕೆಗೆಟ್ಟತನಕ್ಕೂ ಒಂದು ಮಿತಿ ಬೇಡವೇ?

"ನನ್ನ ಹೆಸರು ಹಾಕಿ ಅಂತ ಕೇಳ್ತಿಲ್ಲ," ಎನ್ನುತ್ತಾರೆ ಕಿವಿಯಕ್ಕ. "ಕೆಳಗಿನ ಆ ಸಾಲು ತೆಗೀಲಿ, ಅಷ್ಟು ಸಾಕು. ಅಪ್ಪನ ಮಾತು ಕೇಳಿಸ್ಲಿಲ್ಲ ಅಂತ ಊರೆಲ್ಲ ಹೇಳ್ತು. ಈಗ ನಾನೇ ನನ್ನ ಬಾಯಲ್ಲೇ ಕೇಳಿಲ್ಲ ಅನ್ಲಾ?"

ಗಂಡ ಏನೆನ್ನುತ್ತಾನೆ? "ಇನ್ನೊಂದು ಪಾಳಿ ಒಲೆ ಮುಂದೆ ನಿಂತ್ರಾಯ್ತು, ನೀನು ಸುಳ್ಳು ಹೇಳ್ಬೇಡ," ಅಂದನಂತೆ. ಹೇಳುವಾಗ ಅವರ ದನಿ ಅಪರೂಪಕ್ಕೆ ತಗ್ಗುತ್ತದೆ.

ಪೆಡಲ್ ಒತ್ತುತ್ತಾರೆ. ಉಸಿರಜ್ಜ. ಕಿವಿಯಕ್ಕ ವೇಗ ಇಳಿಸಿ, ಕಣ್ಣು ಮುಚ್ಚಿ ಟೈಪಿಸುತ್ತಾರೆ: "ಅಂಗಡಿಯವರೇ... ಸಿಲಿಂಡರ್ ಇದೆ... ಇದು ನಿಮಗಲ್ಲ... ನೀವು ಹೇಳಿದ್ರಲ್ಲ... ಬರ್ಕೊಳ್ಳೋ ತಾಯಿಗೆ... ಕೇಳಿಸ್ತಾ ತಾಯಿ?"

ಬೆರಳುಗಳು ಒಂದು ಕ್ಷಣ ನಿಲ್ಲುತ್ತವೆ. ಹೇಳದ ಮಾತನ್ನು ಸೇರಿಸಬಾರದೆಂಬ ನಿಯಮವನ್ನು ಆರು ವರ್ಷದಲ್ಲಿ ಒಮ್ಮೆಯೂ ಮುರಿಯದ ಕಿವಿಯಕ್ಕ, ಅಜ್ಜನ ಮಾತಿನ ಕೆಳಗೆ "ಕೇಳಿಸ್ತು" ಎಂದು ಬರೆದು ಕಳಿಸುತ್ತಾರೆ. ಅದರ ಅಡಿಯಲ್ಲಿ ಯಂತ್ರ ತನ್ನ ಸಾಲನ್ನು ತಪ್ಪದೆ ಅಂಟಿಸುತ್ತದೆ.

"ಶನಿವಾರ ಕಂಪನಿಯವರಿಗೆ ಹೇಳೋದೂ ಕೇಳಿಸ್ತು ಅನ್ನೋ ಇದೇ ಒಂದು ಮಾತು," ಎಂದು ಕಿವಿಯಕ್ಕ ಮತ್ತೆ ಪೆಡಲ್ ಒತ್ತುತ್ತಾರೆ.