ಬಸಿದ ಅನ್ನದ ಉಂಡೆ

ಒಂದೇ ಮದುವೆಯಲ್ಲಿ ಒಬ್ಬನೇ ಸಾವಿರ ಮುದ್ದೆ ಕಟ್ಟಿದವನು ನಾನು. ಕೊನೇ ಮುದ್ದೆ ಕಟ್ಟುವಾಗಲೂ ಮೊದಲನೇದರಲ್ಲಿ ಹಬೆ ಆಡ್ತಿತ್ತು.

ಅಮೆರಿಕದ ಫುಲ್‌ಶೀರ್‌ನಲ್ಲಿ ಮಗಳ ಪಕ್ಕದ ಮನೆಯ ಜಪಾನಿ ಆಯಮ್ಮ ತಮ್ಮ ದೇಶದ ಅನ್ನದ ಉಂಡೆ ಕಲಿಸೋಕೆ ಬಂದಾಗ, "ಉಂಡೆ ಕಟ್ಟೋದು ನಾನೇ ಕಲಿಸ್ತೀನಿ" ಅಂದುಬಿಟ್ಟೆ. ಸೋನಾ ಮಸೂರಿ ಬೇಯಿಸಿ, ಗಂಜಿ ಬಸಿದು, ಮಲ್ಲಿಗೆಯಂಥ ಅನ್ನ ಮಾಡಿದೆ. ಮೂರು ಸಲ ಉಂಡೆ ಕಟ್ಟಿದೆ. ಮೂರು ಸಲವೂ ಬೆರಳ ಸಂದಿಯಿಂದ ಉದುರಿತು.

ಆಯಮ್ಮ ಇಂಗ್ಲಿಷಲ್ಲಿ ಏನೋ ಅಂದರು. ಮಗಳು ನಗು ತಡೆದು, "ಅಪ್ಪಾ, ನೀವು ಗಂಜಿ ಜೊತೆ ಅಂಟನ್ನೆಲ್ಲ ಸಿಂಕಿಗೆ ಸುರಿದುಬಿಟ್ರಂತೆ" ಅಂದಳು.

"ಅಂಟಿದ ಅನ್ನ ಬಡಿಸಿದ್ರೆ ನಮ್ಮ ಕಡೆ ಬೀಗರು ಎಲೆ ಬಿಟ್ಟು ಏಳ್ತಾರೆ ಅಂತ ಹೇಳಮ್ಮ."

ಆಯಮ್ಮ ತಲೆಬಾಗಿ, ಅದೇ ಅನ್ನಕ್ಕೆ ಸಾರು ಹಾಕಿಸಿಕೊಂಡು ಎರಡು ಸಲ ಉಂಡರು. ನನಗೆ ಉಂಡೆ ಬರಲಿಲ್ಲ. ಮುದ್ದೆಯ ಲೆಕ್ಕವನ್ನು ಮಾತ್ರ, ಮಗಳು ಎದುರಿಗಿದ್ದರೆ, ಐನೂರಕ್ಕೆ ಇಳಿಸಿ ಹೇಳ್ತೀನಿ.